ಉರುಕುಂದಪ್ಪ ಬರೆದ ಜನವರಿ

ಫೆಬ್ರವರಿ ಮೂರನೇ ತಾರೀಖು, ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಆಂಧ್ರದ ಗಡಿಯ ಆದೋನಿಯಲ್ಲಿ ಚಂದ್ರಮೋಹನನ ಹತ್ತಿ ಜಿನ್ನಿಂಗ್ ಮಿಲ್ಲಿನ ಗೇಟಿನೊಳಗೆ ಜಂಬಯ್ಯನನ್ನೂ ಹುಸೇನಮ್ಮನನ್ನೂ ಬಿಡಲಿಲ್ಲ. ಜಂಬಯ್ಯ ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಫಿಟ್ಟರು. ಹುಸೇನಮ್ಮ ಹದಿನಾರು ವರ್ಷದಿಂದ ಮಷಿನ್ನುಗಳಿಗೆ ಎಣ್ಣೆ ಹಾಕುವಾಕೆ. ಇಬ್ಬರೂ ಇನ್ನು ಬರಬೇಕಾಗಿಲ್ಲ, ಅವರ ಕೆಲಸವನ್ನೆಲ್ಲ ಜೊತೆಯ ಫಿಟ್ಟರು ಉರುಕುಂದಪ್ಪ ಒಬ್ಬನೇ ಮಾಡುತ್ತಿರುವುದು ರುಜುವಾತಾಗಿದೆ ಎಂದು ವಾಚ್‌ಮನ್ ಕಾಗದ ಓದಿ ಜಂಬಯ್ಯನ ಕೈಗಿಟ್ಟ. ಕಾಗದದ ಹಿಂದೆ ಒಂದು ನೋಟ್‌ಬುಕ್ಕಿನ ಮೂವತ್ತೊಂದು ಹಾಳೆಗಳ ಜೆರಾಕ್ಸ್ ಪಿನ್ ಮಾಡಿತ್ತು. ಅಕ್ಷರ ಉರುಕುಂದಪ್ಪನದು.

ಅವನು ಆ ಹೊತ್ತಿಗೆ ಒಳಗೆ ಫಿಟ್ಟಿಂಗ್ ಕೋಣೆಯ ಬಾಗಿಲು ತೆಗೆದು, ಬೋಲ್ಟು ಬಿಗಿಯುವ ಜಂಬಯ್ಯನ ಪಾನಾಗಳ ಗೋಣಿಚೀಲ ಬಿಚ್ಚಿ, ಮೂವರಿಗೂ ಚಹಾ ಹೇಳಿ ಕೂತಿದ್ದ. ಚಹಾ ಬಂತು. ಅವರು ಬರಲಿಲ್ಲ.

ಹೊಸ ವರ್ಷದ ದಿನ ನಡೆದದ್ದನ್ನು ಇಲ್ಲಿ ಹೇಳಬೇಕು.

ಚಂದ್ರಮೋಹನ ಹಳೇ ಹತ್ತಿ ವ್ಯಾಪಾರದ ಮನೆತನದವನು. ಅಪ್ಪ ತೀರಿಕೊಂಡ ಮೇಲೆ ಮೂರು ವರ್ಷದಿಂದ ಮಿಲ್ಲಿನ ಯಜಮಾನ. ಅವನೂ ಉರುಕುಂದಪ್ಪನೂ ಏಳನೇ ತರಗತಿಯವರೆಗೆ ಒಂದೇ ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಆಮೇಲೆ ಒಬ್ಬ ಕರ್ನೂಲಿನ ಇಂಗ್ಲಿಷ್ ಹಾಸ್ಟೆಲ್ಲಿಗೆ ಹೋದ, ಇನ್ನೊಬ್ಬ ಐದಾರು ವರ್ಷ ಕೂಲಿನಾಲಿ ಮಾಡಿ ಮಿಲ್ಲಿಗೆ ಬಂದ. ಈಗ ಇಬ್ಬರಿಗೂ ಮೂವತ್ತಾರು. ಒಬ್ಬನನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಾರೆ, ಆ ಸಾವ್ಕಾರ ಇನ್ನೊಬ್ಬನನ್ನು ಉರುಕುಂದ ಅನ್ನುತ್ತಾನೆ.

ಅವತ್ತು ಚಂದ್ರಮೋಹನ ಎಲ್ಲರ ಎದುರಿಗೆ ಒಂದು ಕರೀ ಡಬ್ಬಿ ತೆಗೆದ. ಒಳಗೆ ಅಂಗೈಯಷ್ಟುದ್ದದ ಉಕ್ಕಿನ ವಸ್ತು. ಎರಡು ಕಡೆ ಹಿಡಿದು ಬಿಚ್ಚಿದರೆ ತಂತಿ ಹಿಡಿದು ತಿರುವುವ ಪಕ್ಕಡ್ ಆಯಿತು. ಹಿಡಿಯ ಹೊಟ್ಟೆಯಿಂದ ಉಗುರಿನಲ್ಲಿ ಎಳೆದಂತೆಲ್ಲ ಚಾಕು, ಅರ, ಸಣ್ಣ ಗರಗಸ, ಎರಡು ಸ್ಕ್ರೂ ಡ್ರೈವರ್ ಹೊರಬಂದವು.

"ಒಂದು ತಿಂಗ್ಳು ಇದನ್ನ ಕಿಸೇದಾಗ ಇಟ್ಕೊಂಡು ತಿರುಗು, ಉರುಕುಂದ. ದಿನಾ ಏನೇನು ಕೆಲಸಕ್ಕ ಬಂತು, ಒಂದು ನೋಟ್‌ಬುಕ್ಕಿನ್ಯಾಗ ಬರಿ. ಚಲೋ ಅನ್ಸಿದ್ರ ಫಿಟ್ಟಿಂಗಿನ ಮೂವರಿಗೂ ಒಂದೊಂದು ತರಿಸ್ತೀನಿ."

"ತೆಲುಗಿನ್ಯಾಗ ಬರೀಲೇನ್ರಿ?"

"ಕನ್ನಡದಾಗ ಬರಿ. ನಿನ್ನ ಕಾಪಿ ತೋರ್ಸೇ ಅಲ್ಲೇನು ಮೇಷ್ಟ್ರು ನನಗ ಹೊಡೀತಿದ್ದಿದ್ದು. ಆ ಅಕ್ಷರ ಇನ್ನೊಮ್ಮಿ ನೋಡೋ ಆಸೆ ಆಗೈತಿ."

ಎಲ್ಲರೂ ನಕ್ಕರು. ಉರುಕುಂದಪ್ಪನಿಗೆ ಹದಿನೆಂಟು ವರ್ಷದ ನೌಕರಿಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಎದೆ ಒಂದು ಗೇಣು ಉಬ್ಬಿತು.

ಹುಸೇನಮ್ಮ ಮಾತ್ರ ಅದನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು. "ಎಷ್ಟು ತಲಿ ಅದಾವಪ್ಪ ಇದಕ್ಕ? ರಾವಣ ಇದ್ದಂಗ ಐತಿ."

ಅವತ್ತಿನಿಂದ ಮಿಲ್ಲಿನಲ್ಲಿ ಅದರ ಹೆಸರು ರಾವಣ.

ಇನ್ನು ಆ ಮಿಲ್ಲಿನ ಫಿಟ್ಟಿಂಗಿನವರ ರಿವಾಜು ಒಂದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಲ್ಲಿ ಸಾಲಾಗಿ ಇಪ್ಪತ್ನಾಲ್ಕು ಮಷಿನ್ನು. ಪ್ರತಿಯೊಂದರಲ್ಲೂ ತೊಗಲಿನ ರೋಲರ್ ಹತ್ತಿಯ ಅರಳೆಯನ್ನು ಎಳೆಯುತ್ತದೆ, ಎರಡು ಚಾಕುಗಳು ಕಾಳನ್ನು ಬಿಡಿಸಿ ಕೆಳಗೆ ಬೀಳಿಸುತ್ತವೆ. ಆ ಚಾಕುಗಳ ನಡುವಿನ ಸಂದು ಕೂದಲೆಳೆ ಹೆಚ್ಚಾದರೆ ಕಾಳು ಅರಳೆಯೊಳಗೆ ನುಗ್ಗುತ್ತದೆ, ಕಡಿಮೆಯಾದರೆ ಒಡೆಯುತ್ತದೆ. ಜಂಬಯ್ಯ ಹಳೇ ಲಗ್ನಪತ್ರಿಕೆಯ ತುಂಡೊಂದನ್ನು ಸಂದಿನಲ್ಲಿ ಆಡಿಸಿ ಅಳತೆ ಹಿಡಿಯುತ್ತಿದ್ದ. ದೊಡ್ಡ ಪಾನಾದಿಂದ ಬೋಲ್ಟು ಬಿಗಿಯುತ್ತಿದ್ದ. ಮಷಿನ್ನು ಅದುರಿ ಬೋಲ್ಟು ಸಡಿಲಾಗದಂತೆ ಅದರ ತಲೆಗೆ ಒಂದು ತಂತಿ ಪೋಣಿಸಿ, ತಿರುವಿ, ಕತ್ತರಿಸಬೇಕು. ಅದು ಕಟ್ಟಕಡೆಯ ಕೆಲಸ. ಅದಕ್ಕೆ ಅವರು ಕಡೀಕೈ ಅನ್ನುತ್ತಿದ್ದರು.

ಕಲಿಸಿದವನು ಕಡೀಕೈ ಹಾಕುವಂತಿಲ್ಲ, ಕಲಿತವನೇ ಹಾಕಬೇಕು. ಹಾಕಿದ ಮೇಲೆ ಮಷಿನ್ನಿನ ಸ್ವಿಚ್ ಹಾಕುವ ಹನುಮಂತು "ಯಾರ ಕೆಲಸ?" ಎಂದು ಕೂಗುತ್ತಾನೆ. ಕಡೀಕೈ ಹಾಕಿದವನು ತನ್ನ ಹೆಸರು ಕೂಗಬೇಕು. ಮಷಿನ್ನು ಶುರುವಾದ ಮೇಲೆ ಹತ್ತು ನಿಮಿಷ ಅದರ ಪಕ್ಕದಲ್ಲೇ ನಿಲ್ಲಬೇಕು. ಏನಾದರೂ ಆದರೆ ಮೊದಲು ಅವನ ಮೈಗೇ ಆಗಬೇಕು. ಜಂಬಯ್ಯನಿಗೆ ಅವನ ಗುರು ಹೀಗೆ ಕಲಿಸಿದ್ದ, ಜಂಬಯ್ಯ ಉರುಕುಂದಪ್ಪನಿಗೆ ಹೀಗೆ ಕಲಿಸಿದ. ಹೆಸರು ಬಿಟ್ಟುಕೊಡುವುದು ಅವರಲ್ಲಿ ಗುರುವಿನ ದೊಡ್ಡತನ. ಎಷ್ಟು ವರ್ಷ ಕಳೆದರೂ ಜಂಬಯ್ಯ ಇದ್ದ ಕಡೆ ಉರುಕುಂದಪ್ಪ ಕಲಿತವನೇ, ಕೆಲಸ ಅವನ ಹೆಸರಿಗೇ.

ಜನವರಿಯಲ್ಲಿ ಆ ತಂತಿಗಳನ್ನೆಲ್ಲ ರಾವಣನೇ ತಿರುವಿದ, ರಾವಣನೇ ಕತ್ತರಿಸಿದ. ಪಕ್ಕಡ್ ಹುಡುಕುವುದು ತಪ್ಪಿತು. ಮೊದಮೊದಲು ಉರುಕುಂದಪ್ಪನ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು. ಹತ್ತಿ ತುಂಬಿದ ಅಂಡಿಗೆಯ ಹುರಿ ಕೊಯ್ದದ್ದು. ತೂಕದ ಕಾಟಾದ ಮೊಳೆ. ಮನೆಯಲ್ಲಿ ಹೆಂಡತಿ ಸುಷ್ಮಾಳ ಕುಕ್ಕರಿನ ಹಿಡಿ. "ಅದನ್ನ ಕಟ್ಕೊಂಡಿದ್ರ ಆಗ್ತಿತ್ತಲ್ರಿ, ನನ್ನ್ಯಾಕ ಕಟ್ಕೊಂಡ್ರಿ" ಎಂದು ಅವಳು ಚುಚ್ಚಿದ್ದನ್ನು ಬರೆಯಲಿಲ್ಲ. ಕೌತಾಳಂ ಬಸ್ಸಿನಲ್ಲಿ ಡ್ರೈವರನ ಪಕ್ಕದ ಕನ್ನಡಿ ಜೋತುಬಿದ್ದಿತ್ತು, ಬಿಗಿದುಕೊಟ್ಟ. ಅದನ್ನು ಬರೆದ.

ಒಂದು ದಿನ ಜಂಬಯ್ಯ ರಾವಣನನ್ನು ಕೇಳಿ ಈಸಿಕೊಂಡು, ಅರ ಬಿಚ್ಚಿ ಹೆಬ್ಬೆರಳಿನ ಮೇಲೆ ಎಳೆದು ನೋಡಿ, "ಚಲೋ ಐತಿ ಬಿಡು, ಹಲ್ಲು ಸಣ್ಣವು ಅದಾವ" ಎಂದು ವಾಪಸು ಕೊಟ್ಟ. ಕೊಡುವಾಗ ಅದನ್ನು ಇನ್ನೊಂದು ಸಲ ಬಿಚ್ಚಿ ಮುಚ್ಚಿದ. ಆ ಮನುಷ್ಯ ಇಪ್ಪತ್ತೆಂಟು ವರ್ಷದಲ್ಲಿ ಮಿಲ್ಲಿನಿಂದ ಒಂದು ಹೊಸ ಪಾನಾ ಕೇಳಿದವನಲ್ಲ. ಅವನಿಗೂ ಒಂದು ಬೇಕಾಗಿದೆ ಎಂದು ಉರುಕುಂದಪ್ಪನಿಗೆ ಅವತ್ತು ತಿಳಿಯಿತು. ಚಲೋ ಅನ್ನಿಸಿದರೆ ಮೂವರಿಗೂ ಒಂದೊಂದು ಎಂದು ಸಾವ್ಕಾರ ಹೇಳಿದ್ದನಲ್ಲ. ಚಲೋ ಅನ್ನಿಸುವಂತೆ ಬರೆಯಬೇಕು, ಅಷ್ಟೇ.

ಅಲ್ಲಿಂದ ದಿನಕ್ಕೊಂದು ಹಾಳೆ ತುಂಬತೊಡಗಿತು. 'ಹನ್ನೊಂದನೇ ಮಷಿನ್, ರೋಲರ್ ಬದಲಿ, ಕೆಲಸ ಉರುಕುಂದಪ್ಪ, ರಾವಣನಿಂದ.' 'ನಾಲ್ಕನೇ ಮಷಿನ್, ಚಾಕು ಅಳತೆ, ಕೆಲಸ ಉರುಕುಂದಪ್ಪ, ರಾವಣನಿಂದ.' 'ಇಪ್ಪತ್ತನೇ ಮಷಿನ್, ಬೇರಿಂಗ್.' ಒಂದು ಸುಳ್ಳೂ ಬರೆಯಲಿಲ್ಲ. ಹನುಮಂತು ಕೂಗಿದಾಗ ಯಾವ ಹೆಸರು ಕೂಗಿದ್ದನೋ ಅದನ್ನೇ ಬರೆದ.

ಮೂವತ್ತೊಂದಕ್ಕೆ ನೋಟ್‌ಬುಕ್ಕು ಸಾವ್ಕಾರನ ಟೇಬಲ್ಲಿನ ಮೇಲೆ ಇಟ್ಟ. ಚಂದ್ರಮೋಹನ ನಿಧಾನವಾಗಿ ಹಾಳೆ ತಿರುವಿದ. "ಏನ್ ಬರ್ದೀಯೋ ಉರುಕುಂದ. ಮುತ್ತು ಪೋಣಿಸಿದಂಗ ಅದಾವ."

ಫೆಬ್ರವರಿ ಮೂರರಂದು ಆರಿದ ಮೂರು ಚಹಾ ಅಲ್ಲೇ ಬಿಟ್ಟು ಉರುಕುಂದಪ್ಪ ಆಫೀಸಿಗೆ ಓಡಿದ. ಗೇಟಿನ ಸುದ್ದಿ ಹನುಮಂತು ಹೇಳಿದ್ದ.

"ಸಾವ್ಕಾರ್ರ, ಮೂವರಿಗೂ ತರಿಸ್ತೀನಿ ಅಂದಿದ್ರಿ. ಅದಕ್ಕ ಅಷ್ಟು ಬರದೆ ನಾನು."

"ನಾ ಒಂದಕ್ಷರ ಸೇರ್ಸಿಲ್ಲ, ಒಂದಕ್ಷರ ಅಳಿಸಿಲ್ಲ. ಓದು ಬೇಕಾದ್ರ. ಒಂದು ತಿಂಗ್ಳು ಒಬ್ಬನ ಹೆಸರ ಐತಿ ಅದರಾಗ. ಉಳದವ್ರು ಏನ್ ಮಾಡ್ತಿದ್ರು?"

"ಅದು ಕಡೀಕೈದ ಹೆಸರ್ರಿ. ಕೆಲಸ ಮೂವರದು."

"ಕಡೀಕೈ ಅಂದ್ರ?" ಚಂದ್ರಮೋಹನ ಹುಬ್ಬು ಏರಿಸಿದ. "ನನಗ ಅದೆಲ್ಲ ತಿಳಿಯಂಗಿಲ್ಲಪ್ಪ. ನಾ ಬರದಿದ್ದನ್ನ ಓದಾಂವ. ನೋಡು, ಇವತ್ತಿಂದ ನೀ ಮೆಂಟೆನೆನ್ಸ್ ಇನ್‌ಚಾರ್ಜ್. ಬೋರ್ಡಿನ ಮ್ಯಾಲೆ ಹೆಸರು ಬರಸ್ತೀನಿ."

ಉರುಕುಂದಪ್ಪ ಟೇಬಲ್ಲಿನ ಮೇಲಿದ್ದ ನೋಟ್‌ಬುಕ್ಕು ನೋಡಿದ. ತಾನು ಹೇಳಬೇಕಾದದ್ದೆಲ್ಲ ತನ್ನದೇ ಅಕ್ಷರದಲ್ಲಿ ತನಗೆ ಎದುರಾಗಿ ನಿಂತಿತ್ತು. ಸಾವ್ಕಾರನಿಗೆ ರಿವಾಜು ಗೊತ್ತಿಲ್ಲ, ತಿಳಿಯದೆ ಮಾಡಿದ್ದಾನೆ, ತಿಳಿಸಿ ಹೇಳಿದರೆ ಇನ್ನೊಂದು ದಿನ ಕೇಳಿಯಾನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕೆಲಸಕ್ಕೆ ಹೋದ. ಹೋದ ಎಂಬುದನ್ನು ಮುಚ್ಚಿಡುವಂತಿಲ್ಲ. ಅವತ್ತು ಹೋದ, ಮರುದಿನ ಹೋದ, ಹನ್ನೆರಡು ದಿನ ಹೋದ.

ಆ ಹನ್ನೆರಡು ದಿನ ಅವನಿಗೆ ಮಿಲ್ಲು ಕಿವುಡಾದಂತೆ ಕಂಡಿತು. ಹುಸೇನಮ್ಮನ ಬಳಿ ಒಂದು ಮೊಳದುದ್ದದ ಜಾಲಿ ಕೋಲಿತ್ತು. ಎಣ್ಣೆ ಹಾಕುತ್ತ ಹೋಗುವಾಗ ಅದರ ಒಂದು ತುದಿ ಬೇರಿಂಗಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕೇಳಿ, "ಹದಿನಾರರದ್ದು ಹಲ್ಲು ಕಡೀಲಿಕ್ಕೆ ಹತ್ತೈತಿ, ಸಂಜೀ ತಡಕೊಳ್ಳಂಗಿಲ್ಲ" ಎಂದು ಬಂದು ಹೇಳುತ್ತಿದ್ದಳು. ಆಕೆ ಹೇಳಿದ ಮಷಿನ್ನನ್ನೇ ಜಂಬಯ್ಯ ಬಿಚ್ಚುತ್ತಿದ್ದ. ಅವಳಿಗೆ ಕೊಡುತ್ತಿದ್ದ ಕೂಲಿ ಎಣ್ಣೆ ಹಾಕಿದ್ದಕ್ಕೆ. ಕಿವಿಗೆ ಯಾವ ಮಾಲೀಕನೂ ಕೂಲಿ ಕೊಟ್ಟವನಲ್ಲ. ಈಗ ಕೋಲು ಅವಳ ಜೊತೆ ಹೋಗಿತ್ತು. ಉರುಕುಂದಪ್ಪ ರಾವಣನ ಹಿಡಿಯನ್ನು ಕಿವಿಗಿಟ್ಟು ನೋಡಿದ. ಗುಂಯ್ ಅನ್ನುವುದೊಂದೇ ಕೇಳಿತು. ಮಷಿನ್ನು ನಿಂತ ಮೇಲಷ್ಟೇ ಅವನಿಗೆ ತಿಳಿಯುತ್ತಿತ್ತು. ರೋಲರ್ ಎತ್ತಲು ಹಮಾಲರನ್ನು ಬೇಡಬೇಕು. ಅರಳೆಯಲ್ಲಿ ಒಡೆದ ಕಾಳು ಬರುತ್ತಿದೆ ಎಂದು ಅರಳೆ ಒತ್ತಿ ಬೇಲು ಕಟ್ಟುವ ಪ್ರೆಸ್ಸಿನವರು ಬೈಯತೊಡಗಿದರು.

ಎರಡನೇ ಭಾನುವಾರ, ಮಿಲ್ಲಿಗೆ ರಜೆ. ಕೋಟೆ ಗುಡ್ಡದ ಬುಡದಲ್ಲಿದ್ದ ಜಂಬಯ್ಯನ ಮನೆಗೆ ಮಧ್ಯಾಹ್ನ ಹೋದ. ಹುಸೇನಮ್ಮ ಅಲ್ಲೇ ಇದ್ದಳು, ಜಂಬಯ್ಯನ ಹೆಂಡತಿಯ ಜೊತೆ ಕೂತು ಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಬಾರಪ್ಪ ಇನ್‌ಚಾರ್ಜು. ಚೇರ್ ಇಲ್ಲ ನಮ್ಮಲ್ಲಿ, ನೆಲದ ಮ್ಯಾಲೆ ಕೂಡ್ತೀಯೇನು?"

"ಯಕ್ಕಾ, ನಾ ಬೇಕಂತ ಮಾಡಿಲ್ಲ."

"ಬೇಕಂತ ಮಾಡಿದ್ರ ಬೈತಿದ್ದೆ. ಈಗ ಬೈಯಾಕೂ ಬರವೊಲ್ದು."

ಜಂಬಯ್ಯ ಒಳಗಿನಿಂದ ಜೆರಾಕ್ಸ್ ಹಾಳೆಗಳನ್ನು ತಂದು ಅವನ ಮುಂದಿಟ್ಟ. ಅವನಿಗೆ ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡನ್ನೂ ಕೇಳಿ ತಿಳಿಯುವವನು. "ನಮ್ಮನ್ನ ತಗದಿದ್ದು ಇದು ಅಂತಾರ. ಏನೈತಿ ಅಂತ ಯಾರೂ ಓದಿ ಹೇಳಲಿಲ್ಲ. ನೀನ ಬರದೀ, ನೀನ ಓದು."

"ಮಾವಾ, ಬ್ಯಾಡ."

"ಓದು."

ಉರುಕುಂದಪ್ಪ ಓದಿದ. ಕುಕ್ಕರಿನ ಹಿಡಿಗೆ ಜಂಬಯ್ಯ ಸ್ವಲ್ಪ ನಕ್ಕ. ಹನ್ನೊಂದನೇ ಮಷಿನ್ನಿಗೆ ಬಂದಾಗ ಕೈಯೆತ್ತಿ ತಡೆದ.

"ಅವತ್ತು ನನ್ನ ಸೊಂಟ ಹಿಡಕೊಂತು ನೋಡು. ರೋಲರ್ ಅರ್ಧಕ್ಕ ಬಿಟ್ರ ನಿನ್ನ ಕಾಲ ಮ್ಯಾಲೆ ಬೀಳ್ತಿತ್ತು, ಹಂಗ ಹಿಡಕೊಂಡು ನಿಂತೆ. ಬರದೀಯೇನು ಅದನ್ನ?"

"ಇಲ್ಲ ಮಾವಾ. ಕಡೀಕೈ ನಂದಿತ್ತು."

"ಹೌದು. ನಿಂದ ಇತ್ತು." ಜಂಬಯ್ಯ ತಲೆಯಾಡಿಸಿದ. "ನಾನ ಕಲ್ಸಿದ್ದು. ನಿಂದೇನು ತಪ್ಪಿಲ್ಲ. ಮುಂದಿಂದು ಓದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತು ತಡೆಯಲಾಗಲಿಲ್ಲ. ಒಂದೊಂದೇ ದಿನ ಎಳೆದುಕೊಂಡು ಓದುತ್ತ ಹೋದ. ಮೂವತ್ತೊಂದು ಮುಗಿಯಿತು. ತೊಟ್ಟು ತೆಗೆಯುತ್ತಿದ್ದ ಹುಸೇನಮ್ಮ ಆಗ ಕೇಳಿದಳು.

"ನನ್ನ ಹೆಸರು ಎಲ್ಲಿ ಬಂತು ತಮ್ಮಾ? ಮೆಣಸಿನಕಾಯಿ ಘಾಟಿಗೆ ಕೇಳಿಸಿಲ್ಲೇನೋ ನನಗ."

ಉರುಕುಂದಪ್ಪ ಹಾಳೆಗಳನ್ನು ಮತ್ತೊಮ್ಮೆ ತಿರುವಿ ನೋಡಿದ. ಜಂಬಯ್ಯನ ಹೆಸರಾದರೂ ಎರಡು ಕಡೆ ಬಂದಿತ್ತು, ಬೇರೆ ನೆಪದಲ್ಲಿ. ಹುಸೇನಮ್ಮನ ಹೆಸರು ಒಂದು ಸಲವೂ ಇಲ್ಲ. ಯಾವ ಮಷಿನ್ನು ಬಿಚ್ಚಬೇಕು ಎಂದು ದಿನಾ ಹೇಳಿದವಳು ಅವಳು. ಇದಕ್ಕೆ ರಿವಾಜಿನ ನೆಪವೂ ಇರಲಿಲ್ಲ. ಅವನಿಗೆ ಅವಳನ್ನು ಬರೆಯಬೇಕು ಎಂದು ಹೊಳೆದೇ ಇರಲಿಲ್ಲ. ಸಾವ್ಕಾರ ಅವಳನ್ನು ತೆಗೆದದ್ದು ಫೆಬ್ರವರಿ ಮೂರನೇ ತಾರೀಖು. ತಾನು ತೆಗೆದದ್ದು ಜನವರಿ ಒಂದನೇ ತಾರೀಖಿನಿಂದಲೇ.

"ಇಲ್ಲ ಯಕ್ಕಾ. ಬರದಿಲ್ಲ."

"ಹ್ಞೂಂ." ಆಕೆ ಮಡಿಲಿನ ತೊಟ್ಟುಗಳನ್ನು ಝಾಡಿಸಿದಳು. "ರಾವಣಗ ಹತ್ತು ತಲಿ ಇದ್ವು ಖರೆ. ನಮ್ಮ ಫಿಟ್ಟಿಂಗಿನ್ಯಾಗ ಆರು ಕೈ ಇದ್ವು. ಅದನ್ನ ಎಣಸೋದು ಮರತಿ."

ಊಟ ಮಾಡಿ ಹೋಗು ಎಂದು ಜಂಬಯ್ಯನ ಹೆಂಡತಿ ಕರೆದಳು. ಉರುಕುಂದಪ್ಪ ಕೂತ, ಎರಡು ತುತ್ತು ತಿಂದು ಎದ್ದ.

ಮಂಗಳವಾರ ಬೆಳಿಗ್ಗೆ ಚಂದ್ರಮೋಹನ ಅವನನ್ನು ಒಂಬತ್ತನೇ ಮಷಿನ್ನಿನ ಹತ್ತಿರ ಕರೆದ. ಹನ್ನೊಂದು ಗಂಟೆಗೆ ಊರಿನ ನಾಲ್ಕು ಮಿಲ್ಲಿನ ಮಾಲೀಕರು ಬರುವವರಿದ್ದರು. ಒಬ್ಬ ಫಿಟ್ಟರಿನಿಂದ ಹೇಗೆ ನಡೆಸುತ್ತಿದ್ದೀರಿ ನೋಡಬೇಕು ಎಂದು ಅವರೇ ಕೇಳಿದ್ದರಂತೆ.

"ರೋಲರ್ ನಿನ್ನಿ ರಾತ್ರೀನ ಹಮಾಲ್ರಿಂದ ಎತ್ತಿ ಕೂಡ್ರಿಸೀನಿ," ಎಂದ ಚಂದ್ರಮೋಹನ, ದನಿ ತಗ್ಗಿಸಿ. "ಬೋಲ್ಟೂ ಬಿಗದೈತಿ. ಗುಂತಕಲ್ಲಿಂದ ಒಬ್ಬ ಮೆಕ್ಯಾನಿಕ್‌ನ ಕರಸಿ ಅಳತಿ ಮಾಡ್ಸೀನಿ. ನೀ ಕವರ್ ಬಿಚ್ಚಿ, ರಾವಣನ್ನ ತಗದು, ಅವ್ರ ಮುಂದ ಕಡೀಕೈ ಅಷ್ಟ ಹಾಕು. ಹನುಮಂತು ಕೂಗ್ತಾನ, ನೀ ಹೆಸರು ಹೇಳು. ಮುಗೀತು."

ಉರುಕುಂದಪ್ಪ ಅವನ ಮುಖ ನೋಡಿದ. ಅವತ್ತು ಆಫೀಸಿನಲ್ಲಿ ಹುಬ್ಬು ಏರಿಸಿದ ಮುಖ ಅದೇ.

"ಕಡೀಕೈ ಅಂದ್ರ ಏನು ಅಂತ ಕೇಳಿದ್ರಲ್ರಿ ನೀವು."

ಚಂದ್ರಮೋಹನ ನಕ್ಕು ಅವನ ಹೆಗಲು ತಟ್ಟಿದ. "ಏಯ್, ಅಪ್ಪನ ಕೂಡ ಸಣ್ಣಾಂವ ಇದ್ದಾಗಿಂದ ಬರ್ತೀನಿ ನಾ ಈ ಮಿಲ್ಲಿಗೆ. ಹನುಮಂತು ಅವ್ರಪ್ಪ ಕೂಗೋದು ಕೇಳೇ ಬೆಳದಾಂವ ನಾ. ಗೊತ್ತಿರಲಾರದ ಏನು? ಅದಕ್ಕ ಅಲ್ಲೇನು ನಿನ್ನ ಕೈಲಿ ಬರಸಿದ್ದು, ಜಂಬಯ್ಯನ ಕೈಲಿ ಬರಸಲಿಲ್ಲ."

"ಅವ್ರಿಗೆ ಬರಿಯಾಕ ಬರಂಗಿಲ್ಲ."

"ಅದೂ ಗೊತ್ತು."

ಎಷ್ಟು ಸಲೀಸಾಗಿ ಹೇಳಿದ. ಸಾವ್ಕಾರನಿಗೆ ತಿಳಿದಿಲ್ಲ ಎಂದು ಇಷ್ಟು ದಿನ ಉರುಕುಂದಪ್ಪ ತನಗೆ ತಾನೇ ಹೇಳಿಕೊಂಡ ಸುಳ್ಳು ಅಲ್ಲಿಗೆ ಮುಗಿಯಿತು. ಹೊಸ ವರ್ಷದ ಡಬ್ಬಿ, ಶಾಲೆಯ ಕಾಪಿಯ ನೆನಪು, ಮುತ್ತು ಪೋಣಿಸಿದಂಗ ಎಂಬ ಮಾತು, ಒಂದೂ ಸುಮ್ಮನೆ ಬಂದದ್ದಲ್ಲ. ಫಿಟ್ಟಿಂಗಿನ ಗುರುಗಳು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟ ಹೆಸರನ್ನು ಈ ಮನುಷ್ಯ ತೂತು ಎಂದು ಗುರುತಿಸಿಟ್ಟುಕೊಂಡು, ಅದರೊಳಗೆ ಕೈ ಹಾಕಿದ್ದ.

ಹನ್ನೊಂದಕ್ಕೆ ನಾಲ್ವರು ಬಂದರು. ಬಿಳಿ ಅಂಗಿ, ಮೂಗಿಗೆ ಕರ್ಚೀಫು. ಮಷಿನ್ನುಗಳನ್ನು ನಿಲ್ಲಿಸಲಾಯಿತು. ಹತ್ತಿ ತುಂಬುವ ಹೆಂಗಸರು ಬುಟ್ಟಿ ಇಳಿಸಿ ಒಂದು ಪಕ್ಕಕ್ಕೆ ನಿಂತರು. ನಾಲ್ವರಲ್ಲಿ ಹಿರಿಯನಾದ ನಾಗಣ್ಣ ಸಾವ್ಕಾರ ಒಂಬತ್ತನೇ ಮಷಿನ್ನನ್ನೂ ಉರುಕುಂದಪ್ಪನನ್ನೂ ನೋಡಿ, "ಒಕ್ಕಡೇನಾ?" ಎಂದ. ಆಮೇಲೆ ಕನ್ನಡದಲ್ಲಿ, "ಒಬ್ಬನ ಮಾಡ್ತಾನೇನು ಎಲ್ಲಾ? ನಮ್ಮಲ್ಲಿ ಐದು ಮಂದಿ ತಿಂದು ಕೂಡ್ತಾರ."

"ಒಬ್ಬನ," ಎಂದ ಚಂದ್ರಮೋಹನ. "ಒಂದು ಕಿಸೆ ಟೂಲಿನ್ಯಾಗ. ತಿಂಗಳ ಲೆಕ್ಕ ಅವನ ಬರದಾನ. ನಿಮಗೂ ಜೆರಾಕ್ಸ್ ಮಾಡಿಸಿಟ್ಟೀನಿ. ಹ್ಞಾಂ ಉರುಕುಂದ, ಮಾಡಿ ತೋರ್ಸು."

ಐದು ಮಂದಿ. ಉರುಕುಂದಪ್ಪನಿಗೆ ಆ ಐವರ ಮುಖ ಗೊತ್ತಿರಲಿಲ್ಲ. ಇನ್ನು ಮೂರು ಮಿಲ್ಲಿನಲ್ಲಿ ಎಷ್ಟು ಮಂದಿಯೋ, ಎಣ್ಣೆ ಹಾಕುವವರು ಎಷ್ಟು ಹೆಂಗಸರೋ. ಅವರ ಗೇಟಿನಲ್ಲೂ ಒಂದು ಸೋಮವಾರ ತನ್ನ ಅಕ್ಷರವನ್ನೇ ಓದುತ್ತಾರೆ.

"ಹುಸೇನಮ್ಮ ಇಲ್ಲದ ಇದನ್ನ ಬಿಚ್ಚಬೇಕೋ ಬಿಡಬೇಕೋ ನನಗ ತಿಳಿಯಂಗಿಲ್ಲರಿ," ಎಂದ, ನಾಗಣ್ಣನನ್ನು ನೋಡಿ. "ಜಂಬಯ್ಯ ಇಲ್ಲದ ಅಳತಿ ಹಿಡಿಯಾಕ ಬರಂಗಿಲ್ಲ. ಇದರೊಳಗ ಬಿಗದಾಂವ ಗುಂತಕಲ್ಲಿನಾಂವ. ನಾ ಒಬ್ಬನ ಎಂದೂ ಒಂದು ಮಷಿನ್ನೂ ಮಾಡಿಲ್ಲ. ಬರದಿದ್ದು ನಂದ ತಪ್ಪು, ಓದಿದ್ದು ಇವರ ತಪ್ಪು."

ಹೆಂಗಸರ ಕಡೆಯಿಂದ ಯಾರೋ ಮೂಗಿನಲ್ಲೇ ನಕ್ಕರು. ಚಂದ್ರಮೋಹನನ ಹಣೆಯ ವಿಭೂತಿ ಬೆವರಿಗೆ ಒದ್ದೆಯಾಯಿತು.

"ಚಾಷ್ಟಿ ಮಾಡ್ತಾನ್ರಿ," ಎಂದು ಅತಿಥಿಗಳಿಗೆ ಹೇಳಿ, ಉರುಕುಂದಪ್ಪನ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು ನುಡಿದ. "ತಂತಿ ತಿರುವು. ಎರಡು ನಿಮಿಷದ ಕೆಲಸ."

"ತಿರುವಂಗಿಲ್ಲರಿ."

"ಹಂಗಾರ ಹೊರಗ ನಡಿ. ಗೇಟು ಗೊತ್ತೈತೆಲ್ಲ?"

ಉರುಕುಂದಪ್ಪ ಒಂಬತ್ತನೇ ಮಷಿನ್ನಿನ ಮುಂದೆ, ಕಾಳು ಬೀಳುವ ಸಿಮೆಂಟು ನೆಲದ ಮೇಲೆ, ಕಾಲು ಮಡಿಚಿ ಕೂತ. ಎರಡೂ ಕೈ ಮೊಣಕಾಲಿನ ಮೇಲೆ ಇಟ್ಟುಕೊಂಡ.

"ಹೋಗಂಗಿಲ್ಲ," ಎಂದ. "ಅವರಿಬ್ಬರನ್ನ ಕರಸ್ರಿ."